ರುಜುವಾತು ಕೊಡಬೇಕಾದವರು ಯಾರು?



2025ರ ಆಗಸ್ಟ್ 31ರ ಭಾನುವಾರ ಸಿಡ್ನಿ, ಮೆಲ್ಬರ್ನ್ ಮೊದಲಾದ ಆಸ್ಟ್ರೇಲಿಯಾದ ನಗರಗಳಲ್ಲಿ ವಲಸೆಯನ್ನು ವಿರೋಧಿಸಿ ಮೆರವಣಿಗೆಗಳು ನಡೆದವು. ಜನರನ್ನು ಕರೆಯಲು ಹಂಚಿದ ಕರಪತ್ರದಲ್ಲಿ ಭಾರತೀಯರ ಹೆಸರು ಹಿಡಿದೇ ಒಂದು ಮಾತಿತ್ತು. ನೂರು ವರ್ಷದಲ್ಲಿ ಬಂದ ಗ್ರೀಕರು, ಇಟಾಲಿಯನ್ನರಿಗಿಂತ ಹೆಚ್ಚು ಮಂದಿ ಭಾರತೀಯರು ಐದೇ ವರ್ಷದಲ್ಲಿ ಬಂದು ಸೇರಿದ್ದಾರಂತೆ. ಸರಕಾರದ ಮಂತ್ರಿಗಳು ಖಂಡಿಸಿದರು. ಇದು ದ್ವೇಷವೆಂದು ಕೆಲವರು ಹೇಳಿದರೆ, ಇದು ಬರಿಯ ಲೆಕ್ಕ, ಲೆಕ್ಕ ಹೇಳುವುದೂ ತಪ್ಪೇ ಎಂದು ಕೆಲವರು ಕೇಳಿದರು. ಆ ನಗರಗಳಲ್ಲಿ ಮಗನೋ ಮಗಳೋ ಇರುವ ನಮ್ಮ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯೇನೂ ಆಗಿರಲಿಲ್ಲ. ಆದರೆ ಆ ಸಾಲಿನಲ್ಲಿ ಭಾರತೀಯರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವವರು ಗ್ರೀಕರು ಮತ್ತು ಇಟಾಲಿಯನ್ನರು. ಅವರು ಅಲ್ಲಿ ಒಳ್ಳೆಯ ವಲಸೆಗಾರರ ಮಾದರಿಯಾಗಿ, ನಮ್ಮನ್ನು ಅಳೆಯುವ ಕೋಲಾಗಿ ಬಂದು ನಿಂತಿದ್ದಾರೆ. 1934ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯ ಊರಾದ ಕಾಲ್ಗೂರ್ಲಿಯಲ್ಲಿ ಜನ ಗುಂಪುಕಟ್ಟಿ ಹೋಗಿ ಸುಟ್ಟದ್ದು ಇದೇ ಇಟಾಲಿಯನ್ನರ ಮತ್ತು ಸ್ಲಾವ್ ಜನರ ಹೋಟೆಲು, ಅಂಗಡಿ, ಮನೆಗಳನ್ನು. ನಮ್ಮ ಕೆಲಸ ಕಸಿಯುತ್ತಾರೆ, ನಮ್ಮೊಡನೆ ಬೆರೆಯುವುದಿಲ್ಲ ಎಂಬ ದೂರು ಅಂದು ಅವರ ಮೇಲಿತ್ತು. ತೊಂಬತ್ತೊಂದು ವರ್ಷ ಕಳೆದ ಮೇಲೆ ಅವರ ಮೊಮ್ಮಕ್ಕಳನ್ನು ತೋರಿಸಿ ಬೇರೆಯವರಿಗೆ ಬುದ್ಧಿ ಹೇಳಲಾಗುತ್ತಿದೆ.

ರಾಷ್ಟ್ರದ ಅಸ್ಮಿತೆ, ಬಹುಸಂಸ್ಕೃತಿ, ಜನಾಂಗಭೇದ ಇವುಗಳ ಬಗ್ಗೆ ರಾಜಕೀಯದಲ್ಲಿ ನಡೆಯುವ ವಾದವಿವಾದ ಹೆಚ್ಚಾಗಿ ಪದಗಳ ಸುತ್ತ ಸುತ್ತುತ್ತದೆ. ಇಂಥ ನಾಯಕ ಇಂಥ ಮಾತು ಆಡಿದರೇ ಇಲ್ಲವೇ, ಆಡಿದ್ದರ ಹಿಂದೆ ದ್ವೇಷವಿತ್ತೇ ಇಲ್ಲವೇ ಎಂದು ಜಗ್ಗಾಡುತ್ತೇವೆ. ಇನ್ನೊಬ್ಬರ ಮನಸ್ಸನ್ನು ಬಗೆದು ನೋಡಲು ಯಾರಿಗೂ ಬರುವುದಿಲ್ಲವಾದ್ದರಿಂದ ಈ ಜಗ್ಗಾಟ ಮುಗಿಯುವುದೂ ಇಲ್ಲ. ಕಣ್ಣಿಗೆ ಕಾಣುವ ಅಳತೆ ಒಂದಿದೆ. ನಾನು ಈ ದೇಶಕ್ಕೆ ಸೇರಿದವನು ಎಂದು ರುಜುವಾತು ಮಾಡುವ ಹೊಣೆ ಯಾರ ತಲೆಯ ಮೇಲೆ ಬೀಳುತ್ತದೆ, ಯಾರಿಗೆ ಅದು ಹುಟ್ಟಿದಾಗಲೇ ಮಾಫಿಯಾಗಿರುತ್ತದೆ ಎಂದು ನೋಡುವುದು. ಆ ಹೊಣೆ ಮೈಬಣ್ಣ, ಮೂಲ, ಧರ್ಮಗಳನ್ನು ನೋಡಿ ಹಂಚಿಕೆಯಾಗುತ್ತಿದ್ದರೆ, ಬಳಸಿದ ಪದ ಎಷ್ಟೇ ನಯವಾಗಿರಲಿ, ಅದು ಜನಾಂಗಭೇದ. ಈ ಅಳತೆಯನ್ನು ಇಟ್ಟು ನೋಡಲು ಆಸ್ಟ್ರೇಲಿಯಾಕ್ಕಿಂತ ತಕ್ಕ ದೇಶ ಸಿಗಲಾರದು. ಜನಾಂಗಭೇದವನ್ನು ಕಾಯಿದೆಯಾಗಿ ಬರೆದ ದೇಶ ಅದು. ಬಹುಸಂಸ್ಕೃತಿಯನ್ನು ಸರಕಾರದ ನೀತಿಯಾಗಿ ಬರೆದ ದೇಶವೂ ಅದೇ.

1901ರಲ್ಲಿ ಆರು ವಸಾಹತುಗಳು ಕೂಡಿ ಒಂದು ದೇಶವಾದವು. ಆ ವರ್ಷ ಮುಗಿಯುವುದರೊಳಗೆ ಹೊಸ ಸಂಸತ್ತು ವಲಸೆ ನಿರ್ಬಂಧದ ಕಾಯಿದೆಯನ್ನು ಮಾಡಿ ಮುಗಿಸಿತ್ತು. ಬಿಳಿಯರ ಆಸ್ಟ್ರೇಲಿಯಾ ಎಂದು ಹೆಸರಾದ ನೀತಿಗೆ ಇದೇ ಬುನಾದಿ. ಆದರೂ ಆ ಕಾಯಿದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಚೀನೀಯರು, ಭಾರತೀಯರು, ಜಪಾನೀಯರು ಬರಕೂಡದು ಎಂಬ ಮಾತು ಎಲ್ಲೂ ಸಿಗುವುದಿಲ್ಲ. ಅದರಲ್ಲಿದ್ದದ್ದು ಒಂದು ಉಕ್ತಲೇಖನ. ಹಡಗಿನಿಂದ ಇಳಿದವನಿಗೆ ಅಧಿಕಾರಿ ಯಾವುದಾದರೊಂದು ಯೂರೋಪಿನ ಭಾಷೆಯಲ್ಲಿ ಐವತ್ತು ಪದಗಳ ಒಂದು ಭಾಗ ಓದುವುದು, ಅವನು ಅದನ್ನು ತಪ್ಪಿಲ್ಲದೆ ಬರೆಯುವುದು. ಬಾರದಿದ್ದರೆ ಪ್ರವೇಶವಿಲ್ಲ. ಯಾರಿಗೆ ಪರೀಕ್ಷೆ, ಯಾವ ಭಾಷೆಯಲ್ಲಿ ಎಂಬುದೆಲ್ಲ ಅಧಿಕಾರಿಯ ಮರ್ಜಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ಏಷ್ಯಾದವನಿಗೆ ಜರ್ಮನ್ ಕೊಡಬಹುದು, ಬ್ರಿಟನ್ನಿನಿಂದ ಬಂದ ಅನಕ್ಷರಸ್ಥನಿಗೆ ಪರೀಕ್ಷೆಯನ್ನೇ ಕೊಡದೆ ಬಿಡಬಹುದು. 1902ರಿಂದ 1909ರವರೆಗೆ 1,359 ಮಂದಿಗೆ ಈ ಪರೀಕ್ಷೆ ಕೊಡಲಾಯಿತು. ತೇರ್ಗಡೆಯಾದವರು 52 ಮಂದಿ. ಆಮೇಲೆ ಒಬ್ಬರೂ ಇಲ್ಲ.

ಈ ಉಪಾಯ ಆಸ್ಟ್ರೇಲಿಯನ್ನರ ತಲೆಯಲ್ಲಿ ಹುಟ್ಟಿದ್ದಲ್ಲ, ಅದು ಹುಟ್ಟಲು ಕಾರಣರಾದವರು ಭಾರತೀಯರು. ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿ ಭಾರತೀಯರ ಸಂಖ್ಯೆ ಹೆಚ್ಚುತ್ತಿದೆ ಎಂಬ ಗದ್ದಲ ಎದ್ದು, 1897ರ ಜನವರಿಯಲ್ಲಿ ಡರ್ಬನ್ನಿನ ಬೀದಿಯಲ್ಲಿ ಗಾಂಧೀಜಿಯ ಮೇಲೆ ಹಲ್ಲೆಯಾದ ಕಾಲ ಅದು. ಅದೇ ವರ್ಷ ನೇಟಾಲ್ ಸರಕಾರ, ಜನಾಂಗದ ಹೆಸರೆತ್ತದೆ, ಯೂರೋಪಿನ ಭಾಷೆ ಬರೆಯಲು ಬಾರದವರನ್ನು ತಡೆಯುವ ಕಾಯಿದೆ ತಂದಿತು. ಲಂಡನ್ನಿನಲ್ಲಿ ವಸಾಹತುಗಳ ಮಂತ್ರಿಯಾಗಿದ್ದ ಜೋಸೆಫ್ ಚೇಂಬರ್ಲೇನ್ ಅದನ್ನು ಉಳಿದ ವಸಾಹತುಗಳ ಮುಖ್ಯಸ್ಥರ ಮುಂದಿಟ್ಟು, ನೀವೂ ಹೀಗೇ ಮಾಡಿ ಎಂದು ಹೇಳಿದರು. ಚಕ್ರವರ್ತಿನಿಯ ಪ್ರಜೆಗಳಾದ ಭಾರತೀಯರನ್ನು ಬಣ್ಣದ ಕಾರಣಕ್ಕೆ ಹೊರಗಿಡುತ್ತೇವೆ ಎಂದು ಬರೆದರೆ ಸಾಮ್ರಾಜ್ಯಕ್ಕೆ ಮುಜುಗರ, ಜಪಾನಿಗೂ ಸಿಟ್ಟು. ಪರೀಕ್ಷೆ ಎಂದು ಬರೆದರೆ ಯಾರ ಮನಸ್ಸಿಗೂ ನೋವಾಗದು! ಜನಾಂಗದ ಹೆಸರೆತ್ತದೆ ಜನಾಂಗಭೇದ ನಡೆಸುವ ವಿದ್ಯೆಗೆ ಹೀಗೆ ಸುಮಾರು ನೂರಮೂವತ್ತು ವರ್ಷದ ಚರಿತ್ರೆಯಿದೆ.

ಆ ವಿದ್ಯೆ ಬಯಲಿಗೆ ಬಿದ್ದ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. 1934ರ ನವೆಂಬರಿನಲ್ಲಿ ಪ್ರಾಗ್ ನಗರದ ಪತ್ರಕರ್ತ, ಹಿಟ್ಲರನ ಕಡುವಿರೋಧಿ ಎಗಾನ್ ಕಿಶ್ ಯುದ್ಧವಿರೋಧಿ ಸಮ್ಮೇಳನದಲ್ಲಿ ಮಾತಾಡಲು ಆಸ್ಟ್ರೇಲಿಯಾಕ್ಕೆ ಬಂದರು. ಸರಕಾರಕ್ಕೆ ಅವರ ರಾಜಕೀಯ ಬೇಡವಾಗಿತ್ತು. ಮೆಲ್ಬರ್ನಿನಲ್ಲಿ ಇಳಿಯಲು ಬಿಡದಿದ್ದಾಗ ಅವರು ಹಡಗಿನಿಂದ ಹಾರಿ ಕಾಲು ಮುರಿದುಕೊಂಡರು. ಸಿಡ್ನಿಯಲ್ಲಿ ಉಕ್ತಲೇಖನ ಕೊಡಬೇಕಾಗಿ ಬಂತು. ಆದರೆ ಈತ ಯೂರೋಪಿನ ಹಲವು ಭಾಷೆಗಳನ್ನು ಬಲ್ಲವರು. ಯಾವುದರಲ್ಲಿ ಕೊಟ್ಟರೂ ಬರೆದುಬಿಡುವ ಅಂಜಿಕೆ. ಹುಡುಕಿ ಹುಡುಕಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಕೊಟ್ಟರು. ವಿಷಯ ಹೈಕೋರ್ಟಿಗೆ ಹೋಯಿತು. ಆಸ್ಟ್ರೇಲಿಯಾದಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯಕ್ಕೇ ಆ ಹೆಸರು. ಕಾಯಿದೆಯ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಯೂರೋಪಿನ ಭಾಷೆಯಾಗದು ಎಂದು ನ್ಯಾಯಮೂರ್ತಿಗಳು ಬಹುಮತದಿಂದ ತೀರ್ಪಿತ್ತರು. ಬೇಡವಾದವರನ್ನು ಮೊದಲೇ ಆರಿಸಿಟ್ಟುಕೊಂಡು ಆಮೇಲೆ ಪ್ರಶ್ನೆಪತ್ರಿಕೆ ಹುಡುಕುವ ಪದ್ಧತಿ ಇದು ಎಂದು ಸಾರಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅಂದು ಜನ ಹಾಗೆ ಯೋಚಿಸುತ್ತಿದ್ದರು, ಏಷ್ಯಾದವರು ಕೀಳೆಂಬ ಅಜ್ಞಾನ ಎಲ್ಲ ಕಡೆ ಇತ್ತು, ಇಂದಿನ ಕಣ್ಣಿನಿಂದ ಅದನ್ನು ಅಳೆಯಬಾರದು ಎಂದು. ಆದರೆ 1901ರ ಸಂಸತ್ತಿನ ಚರ್ಚೆಯಲ್ಲಿ ಅಟಾರ್ನಿ ಜನರಲ್ ಆಲ್ಫ್ರೆಡ್ ಡೀಕಿನ್ ಹೇಳಿದ್ದು ನೇರ ಇದಕ್ಕೆ ವಿರುದ್ಧ. ಈ ಜನರಿಂದ ಅಪಾಯವಿರುವುದು ಅವರ ದುರ್ಗುಣಗಳಿಂದಲ್ಲ, ಅವರ ಸದ್ಗುಣಗಳಿಂದ, ಅವರ ದುಡಿಮೆ, ತಾಳ್ಮೆ, ಮಿತವ್ಯಯಗಳಿಂದ ಎಂದು ಅವರು ವಾದಿಸಿದರು. ಡೀಕಿನ್ ತಿಳಿಯದವರಲ್ಲ, ಭಾರತಕ್ಕೆ ಬಂದು ಇಲ್ಲಿಯ ನೀರಾವರಿಯನ್ನು ನೋಡಿ ಪುಸ್ತಕವನ್ನೇ ಬರೆದವರು. ಕೂಲಿ ಅಗ್ಗವಾಗುತ್ತದೆ ಎಂಬ ಕಾರ್ಮಿಕರ ಭಯ, ಸಾಮ್ರಾಜ್ಯದ ಭದ್ರತೆಯ ಲೆಕ್ಕ, ಹೊಸ ದೇಶಕ್ಕೊಂದು ಗುರುತು ಬೇಕೆಂಬ ಹಂಬಲ ಎಲ್ಲ ಕೂಡಿ ಆದ ಕಾಯಿದೆ ಅದು. ಆಗಲೇ ಅಲ್ಲಿ ನೆಲೆಸಿದ್ದ ಭಾರತೀಯರ ಪಾಡೂ ಇದಕ್ಕೆ ಹೊಂದುವಂತೆಯೇ ಇತ್ತು. 1902ರ ಮತಾಧಿಕಾರದ ಕಾಯಿದೆ ಅಲ್ಲಿನ ಮೂಲನಿವಾಸಿಗಳನ್ನೂ, ಏಷ್ಯಾ ಆಫ್ರಿಕಾಗಳ ಮೂಲದವರನ್ನೂ ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. 1922ರಲ್ಲಿ ಭಾರತದ ರಾಜಕಾರಣಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಆ ದೇಶವನ್ನು ಸುತ್ತಿ, ಅಲ್ಲಿನ ಭಾರತೀಯರ ಹಕ್ಕಿಗಾಗಿ ವಾದಿಸಿ ಬಂದ ಮೇಲೆ, 1925ರಲ್ಲಿ ಬ್ರಿಟಿಷ್ ಇಂಡಿಯಾದವರಿಗೆ ಮತ ಸಿಕ್ಕಿತು. ಮೂಲನಿವಾಸಿಗಳಿಗೆಲ್ಲ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಸಿಗಲು 1962ರವರೆಗೆ ಕಾಯಬೇಕಾಯಿತು.

ಉಕ್ತಲೇಖನ 1958ರಲ್ಲಿ ಹೋಯಿತು. 1966ರಲ್ಲಿ ಹೆರಾಲ್ಡ್ ಹೋಲ್ಟರ ಸರಕಾರ ಬಾಗಿಲನ್ನು ಸಡಿಲಿಸಿತು. 1973ರಲ್ಲಿ ಗಾಫ್ ವಿಟ್ಲಮ್ ಸರಕಾರ ವಲಸೆಯ ಆಯ್ಕೆಯಲ್ಲಿ ಜನಾಂಗವನ್ನು ನೋಡಕೂಡದು ಎಂದಿತು, 1975ರಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾಯಿದೆ ಬಂತು. ಬಹುಸಂಸ್ಕೃತಿ ನೀತಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ದೀಪಾವಳಿ ಮೇಳ, ಬಗೆಬಗೆಯ ಊಟ, ಉಡುಗೆ. ಅಲ್ಲಿ ಅದು ಶುರುವಾದದ್ದು ಇಷ್ಟು ಬಣ್ಣಬಣ್ಣವಾಗಿ ಏನಲ್ಲ. 1975ರಲ್ಲಿ ಸರಕಾರ ಮೆಡಿಬ್ಯಾಂಕ್ ಎಂಬ ಸಾರ್ವತ್ರಿಕ ಆರೋಗ್ಯ ವಿಮೆ ತರಲು ಹೊರಟಿತ್ತು. ಇಂಗ್ಲಿಷ್ ಬಾರದ ಲಕ್ಷಾಂತರ ಜನಕ್ಕೆ ಈ ಸೌಲಭ್ಯ ತಿಳಿಸುವುದು ಹೇಗೆ? ಸಿಡ್ನಿಯಲ್ಲಿ 2ಇಎ, ಮೆಲ್ಬರ್ನಿನಲ್ಲಿ 3ಇಎ ಎಂಬ ಎರಡು ಬಾನುಲಿ ಕೇಂದ್ರಗಳನ್ನು ಪ್ರಯೋಗವೆಂದು ತೆರೆದು ವಲಸೆಗಾರರ ಭಾಷೆಗಳಲ್ಲಿ ವಿಷಯ ಹೇಳಿದರು. ಅವೇ ಮುಂದೆ ಬೆಳೆದು ಎಸ್‌ಬಿಎಸ್ ಪ್ರಸಾರ ಸಂಸ್ಥೆಯಾದವು. ಇಂದು ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ತೆರಿಗೆ ಕಟ್ಟುವವನಿಗೆ ಅವನ ಹಕ್ಕೇನೆಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಸರಕಾರದ ಕೆಲಸ, ಅದನ್ನು ಗಳಿಸಲು ಅವನು ಮೊದಲು ನಮ್ಮಂತಾಗಿ ತೋರಿಸಬೇಕಿಲ್ಲ ಎಂಬುದೇ ಆ ನೀತಿಯ ತಿರುಳು. ನಾನು ಹೇಳುತ್ತಿರುವ ರುಜುವಾತಿನ ಹೊಣೆ ಅಲ್ಲಿ ಮೊದಲ ಸಲ ಪ್ರಜೆಯಿಂದ ಸರಕಾರದ ಕಡೆಗೆ ಜರುಗಿತು.

ಹಾಗಾದರೆ ದೇಶಕ್ಕೆ ಸಮಾನವಾದದ್ದು ಒಂದೂ ಬೇಡವೇ ಎಂಬುದು ಎರಡನೆಯ ಆಕ್ಷೇಪ. ಬೇಕು, ಅದಿಲ್ಲದೆ ದೇಶ ನಿಲ್ಲದು. ಬಹುಸಂಸ್ಕೃತಿ ಎಂದರೆ ಯಾರು ಹೇಗೆ ಬೇಕಾದರೂ ಇರಬಹುದೆಂದು ವಿರೋಧಿಗಳು ಚಿತ್ರಿಸುತ್ತಾರೆ. 1989ರಲ್ಲಿ ಬಾಬ್ ಹಾಕ್ ಸರಕಾರ ಹೊರತಂದ ರಾಷ್ಟ್ರೀಯ ಕಾರ್ಯಸೂಚಿಯನ್ನು ನೋಡಿದರೆ ಚಿತ್ರ ಬೇರೆಯೇ ಇದೆ. ತನ್ನ ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕಿನ ಪಕ್ಕದಲ್ಲೇ ದೇಶಕ್ಕೆ ಮೊದಲ ನಿಷ್ಠೆ, ಸಂವಿಧಾನ, ಕಾನೂನಿನ ಆಡಳಿತ, ಗಂಡುಹೆಣ್ಣಿನ ಸಮಾನತೆ, ಇಂಗ್ಲಿಷ್ ರಾಷ್ಟ್ರಭಾಷೆ ಎಂಬ ಕಟ್ಟುಪಾಡುಗಳನ್ನು ಅದು ಬರೆದಿಟ್ಟಿತು. ಇವೆಲ್ಲ ಎಲ್ಲರಿಗೂ ಒಂದೇ, ಇಂಗ್ಲೆಂಡಿನಿಂದ ಬಂದವನಿಗೂ ವಿಯೆಟ್ನಾಮಿನಿಂದ ಬಂದವನಿಗೂ. ಇದಕ್ಕೂ ಪರಂಪರೆಯನ್ನು ಪರೀಕ್ಷಿಸುವುದಕ್ಕೂ ಇರುವ ಅಂತರ 2007ರಲ್ಲಿ ಕಂಡಿತು. ಜಾನ್ ಹೋವರ್ಡ್ ಸರಕಾರ ಪೌರತ್ವಕ್ಕೆ ಪರೀಕ್ಷೆಯೊಂದನ್ನು ತಂದು, ಅದಕ್ಕೆ ಓದಬೇಕಾದ ಪುಸ್ತಕದಲ್ಲಿ ಕ್ರಿಕೆಟ್ಟಿನ ಡಾನ್ ಬ್ರಾಡ್ಮನ್ನರನ್ನೂ ಸೇರಿಸಿತು. ಭಾರತದಿಂದ ಹೋದವರಿಗೆ ಈ ಪಾಠ ಕಷ್ಟವಾಗಲಾರದು, ಬಿಡಿ. ಆದರೆ ಯುದ್ಧದಿಂದ ತಪ್ಪಿಸಿಕೊಂಡು ಬಂದ ಸುಡಾನಿನ ಹೆಂಗಸು ಬ್ರಾಡ್ಮನ್ ಯಾರೆಂದು ತಿಳಿಯದಿದ್ದರೆ ಕಾನೂನಿಗೆ ಯಾವ ಧಕ್ಕೆ? ಸುಮಾರು ಎರಡು ವರ್ಷದಲ್ಲಿ ಆ ಭಾಗ ಹೋಗಿ, ಪೌರನಾಗುವವನು ಸ್ವೀಕರಿಸುವ ಪ್ರತಿಜ್ಞೆ, ಹಕ್ಕು, ಹೊಣೆಗಳ ಸುತ್ತ ಪ್ರಶ್ನೆಗಳು ಬಂದವು. ಅದು ಸರಿಯಾದ ತಿದ್ದುಪಡಿ.

ಇದೇ ಮಾತಿಗೆ ಸೇರಿದಂತೆ ಇನ್ನೊಂದು ವಿಷಯವಿದೆ, ಅದು ನಮ್ಮ ಬುಡಕ್ಕೇ ಬರುವಂಥದು. ಬಹುಸಂಸ್ಕೃತಿಯ ಹೆಸರಿನಲ್ಲಿ ವಲಸೆಗಾರರ ಒಳಗಿನ ಅನ್ಯಾಯಗಳು ಬಚಾವಾಗುತ್ತವೆ ಎಂಬ ದೂರಿನಲ್ಲಿ ಹುರುಳಿದೆ. ಭಾರತೀಯರು ಹೋದಲ್ಲೆಲ್ಲ ಜಾತಿಯೂ ಹೋಗಿದೆ. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿಭೇದವನ್ನು ನಿಷೇಧಿಸಿದಾಗ ಅದನ್ನು ವಿರೋಧಿಸಿದವರಲ್ಲಿ ಭಾರತೀಯ ಮೂಲದವರೇ ಇದ್ದರು. ಇದು ನಮ್ಮ ಸಮುದಾಯವನ್ನು ಮಾತ್ರ ಬೊಟ್ಟುಮಾಡಿ ತೋರಿಸುತ್ತದೆ ಎಂಬುದು ಅವರ ತಕರಾರು. ಆದರೆ ಅಂಥ ಕಾನೂನಿನಲ್ಲಿ ದೂರು ಕೊಟ್ಟವನೇ ತನಗಾದ ಅನ್ಯಾಯವನ್ನು ತೋರಿಸಬೇಕು. ಮೇಲ್ಜಾತಿಯವನೊಬ್ಬ ಬೀದಿಯಲ್ಲಿ ನಿಂತು ನಾನು ಒಳ್ಳೆಯವನು ಎಂದು ಸಾಬೀತು ಮಾಡಬೇಕಾಗಿಲ್ಲ. ನಮ್ಮ ಮೇಲೆ ಜನಾಂಗಭೇದ ಬೇಡ ಎನ್ನುವ ಬಾಯಿ ನಮ್ಮೊಳಗಿನ ಭೇದದ ಮಾತು ಬಂದಾಗ ಸಂಸ್ಕೃತಿಯ ಮರೆಗೆ ಹೋಗುವುದು ಒಪ್ಪುವ ವಾದವಲ್ಲ.

ಸಂಖ್ಯೆಯ ವಾದಕ್ಕೆ ಬರೋಣ. ಎಷ್ಟು ಜನರನ್ನು ಬಿಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾವ ದೇಶಕ್ಕೂ ಇದೆ. ಸಿಡ್ನಿಯಲ್ಲಿ ಬಾಡಿಗೆ ಕೊಟ್ಟು ಬದುಕುವವನು ಮನೆಗಳ ಬೆಲೆ ನೋಡಿ ಗೊಣಗಿದರೆ ಅವನನ್ನು ಜನಾಂಗದ್ವೇಷಿ ಎನ್ನುವುದು ಅನ್ಯಾಯ. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಹೆಚ್ಚು ವೈವಿಧ್ಯವಿರುವ ಕಡೆ ನೆರೆಹೊರೆಯ ನಂಬಿಕೆ ಮೊದಮೊದಲು ಕುಗ್ಗುತ್ತದೆ ಎಂದು ತೋರಿಸಿತು. ವಲಸೆಯ ವಿರೋಧಿಗಳು ಅಷ್ಟನ್ನು ಓದಿ ಹೇಳುತ್ತಾರೆ, ಕಾಲಕಳೆದಂತೆ ಒಳ್ಳೆಯ ಸಮಾಜಗಳು ವಿಶಾಲವಾದ ಹೊಸ ಗುರುತನ್ನು ಕಟ್ಟಿಕೊಂಡು ಇದನ್ನು ದಾಟುತ್ತವೆ ಎಂದು ಅದೇ ಲೇಖಕರು ಮುಂದುವರಿಸಿದ್ದನ್ನು ಬಿಡುತ್ತಾರೆ. ಅದೂ ಇರಲಿ. ನಿಜವಾಗಿ ಸಂಖ್ಯೆಯೇ ತೊಂದರೆಯಾದರೆ ವಾದ ಸಂಖ್ಯೆಯ ಬಗ್ಗೆಯೇ ನಡೆಯಬೇಕು, ಮನೆ ಎಷ್ಟು, ಆಸ್ಪತ್ರೆ ಎಷ್ಟು, ಬರುವವರೆಷ್ಟು ಎಂದು. ಬೆಳೆಯುವ ನಗರದಲ್ಲಿ ಬ್ರಿಟನ್ನಿನಿಂದ ಬಂದವನೂ ಒಂದು ಮನೆ ಬಾಡಿಗೆಗೆ ಹಿಡಿಯುತ್ತಾನೆ. ಕರಪತ್ರದಲ್ಲಿ ಅವನ ಹೆಸರಿರುವುದಿಲ್ಲ. 1996ರ ಸೆಪ್ಟೆಂಬರಿನಲ್ಲಿ ಪಾಲಿನ್ ಹ್ಯಾನ್ಸನ್ ಸಂಸತ್ತಿನ ಕೆಳಮನೆಯ ಸದಸ್ಯೆಯಾಗಿ ಮಾಡಿದ ಮೊದಲ ಭಾಷಣದಲ್ಲಿ ದೇಶವನ್ನು ಮುಳುಗಿಸುವವರು ಏಷ್ಯಾದವರಾಗಿದ್ದರು. 2016ರಲ್ಲಿ ಸೆನೆಟ್ಟಿಗೆ ಬಂದು ಮಾಡಿದ ಮೊದಲ ಭಾಷಣದಲ್ಲಿ ಅದೇ ಭಯ, ಮುಳುಗಿಸುವವರು ಮಾತ್ರ ಮುಸ್ಲಿಮರು. 1996ರ ನೆರೆ ಎಲ್ಲಿ ಹೋಯಿತೆಂದು ಯಾರೂ ಲೆಕ್ಕ ಒಪ್ಪಿಸಲಿಲ್ಲ.

ಎಲ್ಲದಕ್ಕೂ ಜನಾಂಗಭೇದ ಎಂದು ಕೂಗಿ ಬಾಯಿ ಮುಚ್ಚಿಸುತ್ತೀರಿ ಎಂಬ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. 1998ರ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚುನಾವಣೆಯಲ್ಲಿ ಹ್ಯಾನ್ಸನ್ನರ ಒನ್ ನೇಷನ್ ಪಕ್ಷಕ್ಕೆ ಶೇಕಡಾ 22ಕ್ಕಿಂತ ಹೆಚ್ಚು ಮತ, 11 ಸ್ಥಾನ ಬಂದವು. ಅಷ್ಟೂ ಮಂದಿಯನ್ನು ದ್ವೇಷಿಗಳೆಂದು ಕರೆದರೆ ಬ್ಯಾಂಕಿನ ಶಾಖೆ ಮುಚ್ಚಿದ, ಹಾಲಿನ ಬೆಲೆ ಬಿದ್ದ ಹಳ್ಳಿಗಳ ಕಷ್ಟ ಕಣ್ಣಿಗೆ ಬೀಳುವುದಿಲ್ಲ. ನಾನು ಹೇಳುವ ಅಳತೆಯ ಅನುಕೂಲವೇ ಇದು. ಅದು ಮತ ಹಾಕಿದವನ ಎದೆಯನ್ನು ತಡಕುವುದಿಲ್ಲ, ಮುಂದಿಟ್ಟ ಕ್ರಮ ಯಾರ ಮೇಲೆ ಬೀಳುತ್ತದೆ ಎಂದಷ್ಟೇ ಕೇಳುತ್ತದೆ. ಆಡುವವರ ಮೂಲವನ್ನೂ ಅದು ಕೇಳುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಆಡಳಿತ ನಡೆಸುತ್ತಿದ್ದ ಲೇಬರ್ ಪಕ್ಷಕ್ಕೆ ಮತ ಹಾಕುವರೆಂದೇ ಭಾರತೀಯರನ್ನು ಹೆಚ್ಚಾಗಿ ಕರೆಸಿಕೊಳ್ಳುತ್ತಿದ್ದಾರೆ ಎಂಬರ್ಥದ ಮಾತಾಡಿದ ಸೆನೆಟರ್ ಜಸಿಂತಾ ಪ್ರೈಸ್ ಸ್ವತಃ ಮೂಲನಿವಾಸಿ ಮಹಿಳೆ. ಕ್ಷಮೆ ಕೇಳಲು ಒಪ್ಪದೆ, ಪಕ್ಷದ ನಾಯಕಿಯಲ್ಲಿ ವಿಶ್ವಾಸ ಹೇಳಲೂ ಒಲ್ಲದೆ ಅವರು ವಿರೋಧಪಕ್ಷದ ಛಾಯಾಮಂತ್ರಿಯ ಸ್ಥಾನ ಕಳೆದುಕೊಂಡರು. ಬೇರೆ ಸಮುದಾಯಗಳೂ ಗುಂಪಾಗಿ ಒಂದು ಪಕ್ಷದ ಕಡೆ ವಾಲುತ್ತವೆ, ಆದರೆ ಅವರ ಮತ ಸಂಚಿನ ಫಲವಲ್ಲ ಎಂದು ಅವರು ತೋರಿಸಬೇಕಾಗಿ ಬರುವುದಿಲ್ಲ.

ಮೂಲನಿವಾಸಿಗಳ ಮಾತು ಬಂದದ್ದರಿಂದ 2023ರ ಜನಮತಗಣನೆಯ ಮಾತನ್ನೂ ಆಡಬೇಕು. ಮೂಲನಿವಾಸಿಗಳ ಸಲಹಾ ಮಂಡಲಿಯೊಂದಕ್ಕೆ ಸಂವಿಧಾನದಲ್ಲಿ ಜಾಗ ಕೊಡುವ ಪ್ರಸ್ತಾಪವನ್ನು ಅಕ್ಟೋಬರ್ 14ರಂದು ಶೇಕಡಾ 60ರಷ್ಟು ಮತದಾರರು, ಆರೂ ರಾಜ್ಯಗಳು ತಿರಸ್ಕರಿಸಿದವು. ಸಂವಿಧಾನದಲ್ಲಿ ಜನಾಂಗದ ಮಾತು ತರಬೇಡಿ, ಎಲ್ಲ ಪೌರರೂ ಸಮಾನರು ಎಂಬುದು ವಿರೋಧಿಗಳ ಬಲವಾದ ವಾದ. ಕೇಳಲು ಚೆನ್ನಾಗಿದೆ. ಆದರೆ ಒಂದು ಜನಾಂಗದವರಿಗೆಂದೇ ವಿಶೇಷ ಕಾಯಿದೆ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುವ 51ನೆಯ ವಿಧಿಯ ಉಪವಿಧಿ ಆ ಸಂವಿಧಾನದಲ್ಲಿ 1901ರಿಂದಲೂ ಇದೆ, ಇಂದಿಗೂ ಇದೆ. ಅದನ್ನು ಕಿತ್ತುಹಾಕುವ ಪ್ರಸ್ತಾಪ ಆಗ ಮತಕ್ಕೆ ಬರಲಿಲ್ಲ. ಭೂಮಿಯ ಹಕ್ಕಿನ ವಿಚಾರವಂತೂ ಇನ್ನೂ ವಿಚಿತ್ರ. ಹೈಕೋರ್ಟಿನ 1992ರ ಮಾಬೊ ತೀರ್ಪಿನಿಂದ ಮೂಲನಿವಾಸಿಗಳ ಹಕ್ಕಿಗೆ ಮಾನ್ಯತೆ ಸಿಕ್ಕಿತು, ಆದರೆ ಬ್ರಿಟಿಷರು ಬಂದಂದಿನಿಂದ ತಮ್ಮ ಸಂಪ್ರದಾಯ ಕಡಿಯದೆ ನಡೆದುಬಂದಿದೆ ಎಂದು ಅವರೇ ರುಜುವಾತು ಮಾಡಬೇಕು. ಮರ್ರಿ ನದಿಯ ದಂಡೆಯ ಯೋರ್ಟಾ ಯೋರ್ಟಾ ಜನ ಅದನ್ನು ಮಾಡಲು ಹೋದರು. ಅವರ ಪೂರ್ವಿಕರು 1881ರಲ್ಲಿ ಬೇಸಾಯ ಮಾಡಿ ಬದುಕಲು ಒಂದಿಷ್ಟು ಭೂಮಿ ಕೊಡಿ ಎಂದು ಸರಕಾರಕ್ಕೆ ಬರೆದುಕೊಂಡಿದ್ದ ಅರ್ಜಿಯನ್ನೇ ಅವರು ಹಳೆಯ ಬಾಳನ್ನು ಬಿಟ್ಟಿದ್ದರೆಂಬುದಕ್ಕೆ ಸಾಕ್ಷಿಯಾಗಿ ವಿಚಾರಣಾ ನ್ಯಾಯಾಧೀಶರು ತೆಗೆದುಕೊಂಡರು. 2002ರಲ್ಲಿ ಹೈಕೋರ್ಟೂ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಬಿಳಿಯರಂತೆ ಬದುಕಲು ಹೊರಟದ್ದು ಅವರಿಗೆ ಮುಳುವಾಯಿತು. ಬೆರೆಯಿರಿ ಎಂದು ವಲಸೆಗಾರನಿಗೆ ಹೇಳುವ ದೇಶವೇ ಬೆರೆತದ್ದಕ್ಕೆ ಮೂಲನಿವಾಸಿಯ ಹಕ್ಕನ್ನು ಕಳೆಯಿತು.

ಕೊನೆಗೆ, ಈ ಹೊಣೆ ಯಾವಾಗಲೂ ದುರ್ಬಲರ ಮೇಲೇ ಬೀಳುತ್ತದೆಯೇ, ಬಿಳಿಯರನ್ನು ಯಾರೂ ಪ್ರಶ್ನಿಸುವುದೇ ಇಲ್ಲವೇ ಎಂದು ಕೇಳಬಹುದು. ಒಮ್ಮೆ ಪ್ರಶ್ನಿಸಿದ್ದುಂಟು. ಬೇರೆ ದೇಶದ ಪೌರತ್ವ ಇರುವವರು ಸಂಸತ್ತಿಗೆ ಆರಿಸಿಬರುವಂತಿಲ್ಲ ಎನ್ನುತ್ತದೆ ಸಂವಿಧಾನದ 44ನೆಯ ವಿಧಿ. 2017ರಲ್ಲಿ ಅದನ್ನು ಹಿಡಿದು ಹುಡುಕಿದಾಗ ಒಬ್ಬೊಬ್ಬರೇ ಸಿಕ್ಕಿಬಿದ್ದರು. ಅಕ್ಟೋಬರ್ 27ರಂದು ಹೈಕೋರ್ಟು ಒಂದೇ ತೀರ್ಪಿನಲ್ಲಿ ಐವರನ್ನು ಅನರ್ಹರೆಂದಿತು. ಅವರಲ್ಲೊಬ್ಬರು ಒನ್ ನೇಷನ್ ಪಕ್ಷದ ಸೆನೆಟರ್ ಮಾಲ್ಕಂ ರಾಬರ್ಟ್ಸ್. ಹುಟ್ಟಿದ್ದು ನಮ್ಮ ಪಶ್ಚಿಮ ಬಂಗಾಳದ ಡಿಶೇರ್‌ಗಢದಲ್ಲಿ, ತಂದೆ ವೇಲ್ಸಿನವರು, ನಾಮಪತ್ರ ಹಾಕುವಾಗ ಬ್ರಿಟಿಷ್ ಪೌರತ್ವ ಕಳಚಿರಲಿಲ್ಲ. ಇನ್ನೊಬ್ಬರು ಉಪಪ್ರಧಾನಿ ಬಾರ್ನಬಿ ಜಾಯ್ಸ್. ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದಲ್ಲೇ, ಆದರೆ ತಂದೆಯ ಕಡೆಯಿಂದ ನ್ಯೂಜಿಲೆಂಡಿನ ಪೌರರೂ ಆಗಿದ್ದರು. ತಾವು ಅಪ್ಪಟ ಆಸ್ಟ್ರೇಲಿಯನ್ನರಲ್ಲದೆ ಬೇರೇನಾದರೂ ಆಗಿರಬಹುದು ಎಂಬ ಯೋಚನೆಯೇ ಇವರಲ್ಲಿ ಬಹುಮಂದಿಗೆ ಬಂದಿರಲಿಲ್ಲ. ಇದು ಕಾಗದಪತ್ರದ ತೊಡಕು ಎಂದು ದೇಶ ಒಪ್ಪಿಕೊಂಡಿತು, ನಿಷ್ಠೆಯ ಮಾತನ್ನು ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಜಾಯ್ಸ್ ನ್ಯೂಜಿಲೆಂಡಿನ ಪೌರತ್ವವನ್ನು ಬಿಟ್ಟುಕೊಟ್ಟು, ಡಿಸೆಂಬರ್ 2ರ ಉಪಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದು ಮತ್ತೆ ಉಪಪ್ರಧಾನಿಯಾದರು. ರಾಬರ್ಟ್ಸ್ 2019ರಲ್ಲಿ ಸೆನೆಟ್ಟಿಗೆ ಮರಳಿದರು.